ಹಸಿ ಮೊದಲು

ಹೆದರಿಕೆಯನ್ನು ಅಳತೆ ಮಾಡಿ ಮನುಷ್ಯರಿಗೆ ಹಂಚಬಹುದು ಎಂದು ಮೊಟ್ಟಮೊದಲು ಯೋಚಿಸಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ, ಬಿರುಗಾಳಿ ಬೀಸುವಾಗ ನಮ್ಮ ಸಾವಳಹಟ್ಟಿಗೆ ಕರೆದುಕೊಂಡು ಹೋಗಿ ಅವನ ಕೈಗೆ ತಾಡಪತ್ರಿಯ ಹಗ್ಗ ಕೊಡುತ್ತೇನೆ. ಹಿಡಿದುಕೋ ನೋಡೋಣ ಅನ್ನುತ್ತೇನೆ. ಒಬ್ಬನೇ ಹಿಡಿದುಕೋ ಅನ್ನುತ್ತೇನೆ.

ನಾನು ಕಾಶೀಬಾಯಿ. ವಿಜಯಪುರದ ಮುನ್ನೆಚ್ಚರ ಕೇಂದ್ರದಲ್ಲಿ ರೈತರ ಫೋನ್ ಎತ್ತುವುದು ನನ್ನ ಕೆಲಸ. ಅಲ್ಲಿ ವಿಜ್ಞಾನಿಗಳಿದ್ದಾರೆ, ಗೋಡೆ ತುಂಬ ಪರದೆಯಿದೆ, ಬೇಸಿಗೆಯಲ್ಲೂ ಶಾಲು ಹೊದೆಯುವಷ್ಟು ಎ.ಸಿ. ಇದೆ. ರೈತರು ಫೋನಿನಲ್ಲಿ ಆಡುವ ಮಾತು ಮಾತ್ರ ಅವರಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅದಕ್ಕೇ ನನ್ನನ್ನು ಇಟ್ಟುಕೊಂಡರು. ಸಾವಳಹಟ್ಟಿ ನನ್ನ ತವರು. ತಮ್ಮ ಮಾಳಿಂಗರಾಯ ಅಲ್ಲಿ ದ್ರಾಕ್ಷಿ ಬೆಳೆದು, ಒಣಗಿಸಿ, ಒಣದ್ರಾಕ್ಷಿ ಮಾಡುತ್ತಿದ್ದ. ನಮಗೆಲ್ಲ ಅವನು ಮಾಳ್ಯಾ.

ಯಂತ್ರದ ವಿಚಾರ ಮೊದಲು ಹೇಳಿಬಿಡುತ್ತೇನೆ. ಬೆರಳಗಲದ ಒಂದು ಪಟ್ಟಿ. ಕಿವಿಯ ಕೆಳಗೆ, ಕುತ್ತಿಗೆಗೆ ಅಂಟುವಂತೆ ಕಟ್ಟಬೇಕು. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ನರ ಅಲ್ಲೇ ಹಾದುಹೋಗುತ್ತದೆ. ಪಟ್ಟಿ ಅದನ್ನು ಸಣ್ಣ ಕರೆಂಟಿನಿಂದ ಕೆಣಕುತ್ತದೆ. ಕೆಣಕಿದರೆ ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಅಂಗೈಯಲ್ಲಿ ಬೆವರು. ಅಂದರೆ ಹೆದರಿಕೆ. ಯಾರಿಗೆ ಎಷ್ಟು ಅನ್ನುವುದನ್ನು ಕೇಂದ್ರದ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮೋಡ ಎಲ್ಲಿದೆ, ನಿಮ್ಮ ಬೆಳೆ ಯಾವ ಹಂತದಲ್ಲಿದೆ, ಹಾಳಾದರೆ ನಿಮ್ಮದು ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ, ಅಷ್ಟು ಹೆದರಿಕೆಯನ್ನು ನಿಮ್ಮ ಕುತ್ತಿಗೆಗೆ ಕಳಿಸುತ್ತದೆ.

"ಮೊಬೈಲಿಗೆ ಸಂದೇಶ ಕಳಿಸಿ ಕಳಿಸಿ ಸಾಕಾಯಿತು ಕಾಶೀಬಾಯಿ," ಎಂದು ಡಾ. ಯಶೋಧರ ನನಗೆ ಮೊದಲ ದಿನವೇ ಹೇಳಿದ್ದರು. ಪಟ್ಟಿಯ ಇಡೀ ಯೋಜನೆ ಅವರದು. "ಮಳೆಯ ಸಾಧ್ಯತೆ ನೂರಕ್ಕೆ ಅರವತ್ತು ಅಂದರೆ ಯಾರ ಹೊಟ್ಟೆಗೂ ಇಳಿಯುವುದಿಲ್ಲ. ಹೋದ ವರ್ಷ ಆಲಿಕಲ್ಲಿನಲ್ಲಿ ಕಳೆದುಕೊಂಡವನು ಬೊಗಸೆ ಮೋಡ ಕಂಡರೂ ಹಣ್ಣಾಗದ ಗೊನೆ ಕೊಯ್ದುಬಿಡುತ್ತಾನೆ. ಕಳೆದುಕೊಳ್ಳದವನು ಗುಡುಗಿದರೂ ಎಲೆ ಅಡಿಕೆ ಹಾಕುತ್ತಾ ಕೂತಿರುತ್ತಾನೆ. ಅಪಾಯ ಇಬ್ಬರಿಗೂ ಒಂದೇ. ಅವರು ಅದನ್ನು ಕಾಣುವ ರೀತಿ ಸರಿಯಿಲ್ಲ. ಅದನ್ನೇ ನಾವು ಸರಿ ಮಾಡುತ್ತಿದ್ದೇವೆ."

"ಹೆದರಿಕೆ ಕೊಡೋ ಬದಲು ದ್ರಾಕ್ಷಿ ಒಣಗಿಸೋಕೆ ಗಟ್ಟಿ ಶೆಡ್ ಕೊಟ್ಟರೆ ಆಗುವುದಿಲ್ಲವಾ ಸರ್?" ಎಂದೆ.

ಅವರು ನಕ್ಕರು. "ಅದು ಬೇರೆ ಇಲಾಖೆ."

ಆತ ಕೆಟ್ಟ ಮನುಷ್ಯನಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಈತ ಊಟ ಬಿಟ್ಟು ಪರದೆ ಮುಂದೆ ಕೂರುವವನು, ರೈತರ ಮೇಲೆ ನಿಜವಾದ ಪ್ರೀತಿ ಇರುವವನು. ಆದರೆ ರೈತರು ಅಂದರೆ ಆತನ ಪಾಲಿಗೆ ಪರದೆಯ ಮೇಲಿನ ಚುಕ್ಕೆಗಳು. ಎದೆ ಹೊಡೆದುಕೊಳ್ಳುತ್ತಿದ್ದರೆ ಕೆಂಪು. ಕೆಲಸ ಮುಗಿಸಿ ಎದೆ ತಣ್ಣಗಾದರೆ ಹಸಿರು. ಪಟ್ಟಿ ಮೊದಲು ಹೋದ ಊರುಗಳಲ್ಲಿ, ಶೆಡ್ಡಿಗೆ ತಾಡಪತ್ರಿ ಇಳಿಸಿ ಕಟ್ಟಿದ ಕೂಡಲೇ ಮಂದಿ ಈ ಪೀಡೆ ಸಾಕಪ್ಪಾ ಎಂದು ಪಟ್ಟಿ ಕಿತ್ತು ಗೂಟಕ್ಕೆ ನೇತುಹಾಕುತ್ತಿದ್ದರು. ಅದಕ್ಕೆಂದೇ ಪಟ್ಟಿಗೆ ನಾಡಿ ಬಡಿತ ಸಿಗದಿದ್ದರೂ ಹಸಿರು ಎಂದು ಇಟ್ಟಿದ್ದರು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ.

ಪಟ್ಟಿ ಸಾವಳಹಟ್ಟಿಗೆ ಬಂದು ವಾರವಾದಾಗ ನಾನು ತವರಿಗೆ ಹೋಗಿದ್ದೆ. ದ್ರಾಕ್ಷಿ ಕೊಯ್ಲು ಶುರುವಾಗಿತ್ತು. ಪಟ್ಟಿ ಕಟ್ಟದವರಿಗೆ ಬೆಳೆವಿಮೆ ಇಲ್ಲ ಎಂದ ಮೇಲೆ ಊರಿಗೆ ಊರೇ ಕುತ್ತಿಗೆ ಒಡ್ಡಿತ್ತು. ಮಾಳ್ಯಾ ಪಟ್ಟಿಯ ಮೇಲೆ ಟವೆಲ್ ಸುತ್ತಿಕೊಂಡು ಊಟಕ್ಕೆ ಕೂತಿದ್ದ. ಹೊರಗೆ ಬಿಸಿಲು. ಮೋಡ ಇನ್ನೂ ಸೊಲ್ಲಾಪುರದ ಆಚೆ ಎಲ್ಲೋ ಇತ್ತು. ಆದರೂ ರೊಟ್ಟಿ ಮುರಿದ ಅವನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

"ಯಾಕೋ ತಮ್ಮಾ?"

"ಏನೋ ಒಂಥರಾ ಆಗ್ತೈತಿ ಅಕ್ಕಾ. ಪರೀಕ್ಷಾಕ್ಕ ಕುಂತಂಗ. ತುತ್ತು ಇಳಿವಲ್ದು."

ಅವನ ಹೆಂಡತಿ ಕಸ್ತೂರಿ ಒಲೆಯ ಮುಂದಿನಿಂದಲೇ ಗದರಿದಳು. "ಒಂದ್ ವಾರ ಆತ್ರಿ ಅಕ್ಕಾ, ಮನಿಯಾಗ ಒಬ್ಬರೂ ಹೊಟ್ಟಿ ತುಂಬ ಉಂಡಿಲ್ಲ. ಇವರು ಹಸಿವಿನಾಗ ಎದ್ದು ಶೆಡ್ಡಿನ ಕಡೆ ಓಡ್ತಾರ. ಮ್ಯಾಲ ನೋಡಿದ್ರ ನೀಲಿ ಆಕಾಶ."

ಮೂಲೆಯಲ್ಲಿ ಕೂತ ನಮ್ಮ ಆಯಿ, ಅಂದರೆ ಅಜ್ಜಿ, ತೊಂಬತ್ತರ ಹತ್ತಿರದ ಮುದುಕಿ, ಬೊಚ್ಚು ಬಾಯಿ ತೆರೆದು ನಕ್ಕಳು. "ಪಂಪಸೆಟ್ಟಿಗೆ ಕೊಡಾಕ ಇವರ ಕಡೆ ಕರೆಂಟ್ ಇಲ್ಲವಾ. ಹೆದರ್ಸಾಕ ಮಾತ್ರ ಹಗಲೂ ರಾತ್ರಿ ಐತಿ ನೋಡು."

ನಾವೆಲ್ಲ ನಕ್ಕೆವು. ಮಾಳ್ಯಾ ನಗುತ್ತಲೇ ಎದ್ದು ಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಬಂದ.

ಒಣದ್ರಾಕ್ಷಿಯ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಕೊಯ್ದ ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಶೆಡ್ ಅಂದರೆ ಕಬ್ಬಿಣದ ಕಂಬ, ಮೇಲೊಂದು ಹೊದಿಕೆ. ಗಾಳಿ ಆಡಬೇಕು, ಅದಕ್ಕೆ ನಾಲ್ಕೂ ಕಡೆ ಬಯಲು. ಮಳೆ ಬಂದರೆ ಮೇಲೆ ಸುತ್ತಿಟ್ಟ ತಾಡಪತ್ರಿಯನ್ನು, ಅಂದರೆ ಟಾರ್ಪಾಲನ್ನು, ಕೆಳಗಿಳಿಸಿ ಕಟ್ಟಬೇಕು. ಮನೆ ಎತ್ತರದ ತಾಡಪತ್ರಿ ಅದು. ಗಾಳಿಯಲ್ಲಿ ಅದನ್ನು ಇಳಿಸುವುದು ಒಬ್ಬಿಬ್ಬರ ಕೆಲಸವಲ್ಲ. ಮೇಲೆ ಹತ್ತಿ ಬಿಚ್ಚುವವರು ಬೇಕು, ಕೆಳಗೆ ಹಗ್ಗಕ್ಕೆ ಜೋತುಬೀಳುವವರು ಬೇಕು. ರೋಹಿಣಿ, ಮೃಗಶಿರ ಎಂದು ಮಳೆಗಳಿಗೆಲ್ಲ ಹೆಸರಿಟ್ಟ ಹಿರಿಯರು ಈಗ ಮಾರ್ಚ್ ತಿಂಗಳಲ್ಲಿ ಬರುವ ಈ ಮಳೆಗೆ ಹೆಸರಿಟ್ಟಿಲ್ಲ. ಅವರ ಕಾಲಕ್ಕೆ ಇದು ಇರಲಿಲ್ಲ.

ಹೆಸರಿಲ್ಲದ ಮಳೆಗೂ ನಮ್ಮವರು ಒಂದು ದಾರಿ ಕಂಡುಕೊಂಡಿದ್ದರು. ಸುಗ್ಗಿಯ ಮುಯ್ಯಾಳಿನ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮೋಡ ಕವಿದರೆ ಊರವರೆಲ್ಲ ಮೊದಲು ಓಡುವುದು ಆ ದಿನ ಹಸಿ ದ್ರಾಕ್ಷಿ ಹರವಿದವನ ಶೆಡ್ಡಿಗೆ. ಅದ್ದಿದ ದ್ರಾಕ್ಷಿಯ ಸಿಪ್ಪೆ ಸಡಿಲಾಗಿರುತ್ತದೆ, ನೀರು ತಾಗಿದರೆ ಪೂರಾ ಕೊಳೆತು ಹೋಗುತ್ತದೆ. ಒಣಗಲು ಬಂದದ್ದು ನೆನೆದರೂ ಬಣ್ಣ ಕೆಟ್ಟೀತು, ಕೈಗೆ ಸಿಕ್ಕೀತು. "ಹಸಿ ಮೊದಲ, ಒಣಾ ಆಮ್ಯಾಲ" ಎಂದು ಸಣ್ಣ ಹುಡುಗರೂ ಹೇಳುತ್ತಿದ್ದರು. ಇದು ನಡೆಯುತ್ತಿದ್ದದ್ದು ಯಾಕೆ ಗೊತ್ತೇ? ಒಣಗಲು ಬಂದವನಿಗೆ ಆ ದಿನ ಅಷ್ಟು ಹೆದರಿಕೆ ಇರುತ್ತಿರಲಿಲ್ಲ. ಹೆದರಿಕೆ ಇಲ್ಲದವನ ಕಾಲುಗಳು ಹೆದರಿದವನ ಕಡೆಗೆ ಓಡುತ್ತಿದ್ದವು.

ಇದನ್ನು ನಾನು ಕೇಂದ್ರದಲ್ಲಿ ಹೇಳಿದ್ದೆ, ಚಹಾದ ಹೊತ್ತಿನಲ್ಲಿ, ಬಾಯಿಬಿಟ್ಟು. ಡಾ. ಯಶೋಧರ ಕೇಳಿ ಖುಷಿಪಟ್ಟರು. ಬಹಳ ಚಂದದ ಸಂಪ್ರದಾಯ ಅಂದರು. ಆದರೆ ಕಂಪ್ಯೂಟರಿಗೆ ಬೆಲೆ ಗೊತ್ತು, ಸಂಪ್ರದಾಯ ಗೊತ್ತಿಲ್ಲ. ಒಣಗಿದ ದ್ರಾಕ್ಷಿಗೆ ಬೆಲೆ ಹೆಚ್ಚು, ಹಾಗಾಗಿ ಅದರ ಧಣಿಗೆ ಹೆದರಿಕೆಯೂ ಹೆಚ್ಚು. ಊರಿನ ಲೆಕ್ಕ ತಲೆಕೆಳಗಾಗಿತ್ತು. ಮೋಡ ಬಂದಿರಲಿಲ್ಲವಾದ್ದರಿಂದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಮೋಡ ಬಂತು. ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತಿದ್ದೆವು. ರಾಡಾರಿನ ಪರದೆಯಲ್ಲಿ ಕಪ್ಪು ಮುದ್ದೆಯೊಂದು ಪಶ್ಚಿಮದಿಂದ ಜೋರಾಗಿ ಬರುತ್ತಿತ್ತು. ಗಾಳಿ, ಮಳೆ, ಆಲಿಕಲ್ಲು ಮೂರೂ ಇದ್ದವು. ಸಾವಳಹಟ್ಟಿಯ ಚುಕ್ಕೆಗಳು ಒಂದೊಂದಾಗಿ ಕೆಂಪಾದವು. ಹಿಂದೆ ಸಂದೇಶ ಕಳಿಸಿದಾಗ ಅರ್ಧ ಊರು ಕದಲುತ್ತಿರಲಿಲ್ಲವಂತೆ. ಈಗ ಒಂದೇ ಏಟಿಗೆ ಎಲ್ಲ ಚುಕ್ಕೆಗಳೂ ಮನೆ ಬಿಟ್ಟು ಓಡಿದವು, ಪ್ರತಿಯೊಂದೂ ತನ್ನ ತನ್ನ ಶೆಡ್ಡಿಗೆ. ಡಾ. ಯಶೋಧರ ಎದ್ದು ನಿಂತು, "ನೋಡಿ, ನೋಡಿ!" ಎಂದು ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು.

ನನ್ನ ಫೋನ್ ರಿಂಗಾಯಿತು.

"ಅಕ್ಕಾ, ನಾ ಮಾಳ್ಯಾ." ಗಾಳಿಯ ಸದ್ದಿನಲ್ಲಿ ಅವನ ಧ್ವನಿ ಹರಿದು ಹರಿದು ಬರುತ್ತಿತ್ತು. "ಮುಂಜಾನೆ ಹರವೀನಿ ಅಕ್ಕಾ, ಪೂರಾ ಹಸಿ ಐತಿ. ಯಾರೂ ಬರವಲ್ರು!"

"ಗುರಸಿದ್ದ ಕಾಕಾ?"

"ನನ್ನ ಮುಂದ ಹಾದು ಓಡಿದ. ಕರದ್ರ ತಿರುಗಿ ಸುದ್ದಾ ನೋಡಲಿಲ್ಲ. ನೀ ಒಂದ್ ಫೋನ್ ಮಾಡ, ನಿನ್ನ ಮಾತ ಕೇಳ್ತಾರ."

"ಮಾಡ್ತೀನಿ. ನೀ ಒಬ್ಬನ ಹತ್ತಬ್ಯಾಡ!"

ಅವನಿಗೆ ಕೇಳಿಸಿತೋ ಇಲ್ಲವೋ. ಗುರಸಿದ್ದಪ್ಪನಿಗೆ ಫೋನ್ ಹಚ್ಚಿದೆ. ನಮ್ಮ ಹೊಲದ ಪಕ್ಕದ ಹೊಲ ಆತನದು. ನಮ್ಮಪ್ಪ ತೀರಿದ ಮೇಲೆ ಮಾಳ್ಯಾನಿಗೆ ಬಳ್ಳಿ ಸವರುವುದನ್ನು ಕಲಿಸಿದವನು ಅವನೇ. ಫೋನ್ ಎತ್ತಿದ, ಏದುಸಿರು ಬಿಡುತ್ತಿದ್ದ.

"ಕಾಕಾ, ಮಾಳ್ಯಾಂದು ಹಸಿ ಐತಿ. ನಿಂದು ಒಣಗೇದ. ಅವನ ಕಡೆ ಹೋಗು."

"ಗೊತ್ತೈತಿ ತಂಗಿ, ಗೊತ್ತೈತಿ!" ಮುದುಕ ಅಳುತ್ತಿದ್ದ. "ಹೊಟ್ಯಾಗ ಬೆಂಕಿ ಬಿದ್ದೈತಿ. ನನ್ನ ಶೆಡ್ ಬಿಟ್ಟು ಕಾಲು ಏಳವಲ್ವು. ನಾ ಏನ್ ಮಾಡ್ಲಿ?"

ಇನ್ನಿಬ್ಬರಿಗೆ ಹಚ್ಚಿದೆ. ಎತ್ತಲಿಲ್ಲ. ಡಾ. ಯಶೋಧರರ ತೋಳು ಹಿಡಿದು, "ಸರ್, ಗುರಸಿದ್ದಪ್ಪನ ಪಟ್ಟಿ ಬಂದ್ ಮಾಡಿ, ಊರಿನ ಪಟ್ಟಿ ಎಲ್ಲಾ ಬಂದ್ ಮಾಡಿ," ಅಂದೆ. ಅವರಿಗೆ ನಾನು ಹೇಳಿದ್ದು ಅರ್ಥವೇ ಆಗಲಿಲ್ಲ. "ಈಗಲಾ? ಎಲ್ಲರೂ ಸರಿಯಾಗಿ ಸ್ಪಂದಿಸುತ್ತಿದ್ದಾರಲ್ಲ," ಎಂದರು.

ಪರದೆಯಲ್ಲಿ ಮಾಳ್ಯಾನ ಚುಕ್ಕೆ ಹುಡುಕಿದೆ. ಕಡುಗೆಂಪು. ನೋಡುತ್ತಿದ್ದಂತೆ ಅದು ಹಸಿರಾಯಿತು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಟ್ಟಿದ ನನ್ನ ತಮ್ಮ, ಹೆಂಗೋ ಕಟ್ಟಿದ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಉಳಿದವೂ ಒಂದೊಂದಾಗಿ ಹಸಿರಾದವು. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಯಾರೋ ಪೇಡೆ ತರಲು ಹೇಳಿದರು. ಊರಿನಲ್ಲೆಲ್ಲ ಮೊದಲು ಹಸಿರಾದದ್ದು ಮಾಳಿಂಗರಾಯ ಎಂದು ಡಾ. ಯಶೋಧರ ಹೆಸರು ಹಿಡಿದು ಹೊಗಳಿದರು.

ಪೇಡೆ ಬರುವ ಮೊದಲು ಕಸ್ತೂರಿಯ ಫೋನ್ ಬಂತು.

ಅವಳು ಮನೆಯಿಂದ ಹೊಲ ಮುಟ್ಟುವಷ್ಟರಲ್ಲಿ ಅವನು ಒಬ್ಬನೇ ಮೇಲೆ ಹತ್ತಿದ್ದ. ಕೆಳಗೆ ಹಿಡಿಯುವವರು ಇಲ್ಲವೆಂದು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ತಾಡಪತ್ರಿ ಬಿಚ್ಚಿದ್ದ. ಗಾಳಿ ಒಳಹೊಕ್ಕು ತಾಡಪತ್ರಿಯನ್ನು ಎತ್ತಿತು, ಅದರ ಜೊತೆ ಅವನನ್ನೂ ಎತ್ತಿ ಕಲ್ಲಿನ ಕಟ್ಟೆಯ ಮೇಲೆ ಎಸೆಯಿತು. ಅವನ ಎದೆ ನಿಂತಿತು. ಪಟ್ಟಿಗೆ ನಾಡಿ ಸಿಗಲಿಲ್ಲ. ಪರದೆ ಹಸಿರಾಯಿತು.

ಡಾ. ಯಶೋಧರ ಮಾಳ್ಯಾನ ಮಣ್ಣಿಗೆ ಬಂದಿದ್ದರು. ಒಂದು ಕಡೆ ನಿಂತು ಅತ್ತರು. ಅಳಲಿ, ಯಾರು ಬೇಡ ಅಂದರು? ಆದರೆ ಕೇಂದ್ರಕ್ಕೆ ಮರಳಿದ ಮೇಲೆ ಅವರು ಮೇಲಿನವರಿಗೆ ಕೊಟ್ಟ ವರದಿ ಓದಿದೆ. ಸಾವಳಹಟ್ಟಿಯ ಎಲ್ಲ ರೈತರೂ ಸಕಾಲದಲ್ಲಿ ಸ್ಪಂದಿಸಿದ್ದಾರೆ. ಶೆಡ್ಡುಗಳ ನಷ್ಟ ಹಿಂದೆಂದಿಗಿಂತ ಕಡಿಮೆ. ಸುರಕ್ಷತಾ ಕ್ರಮ ಪಾಲಿಸದೆ ಒಬ್ಬ ಫಲಾನುಭವಿಯ ಮರಣ.

"ಪಾಲಿಸದೆ ಅಂದ್ರೇನು ಸರ್?" ಮೇಜಿನ ಮೇಲೆ ಆ ಹಾಳೆ ಬಡಿದು ಕೇಳಿದೆ.

"ಒಬ್ಬರೇ ಹತ್ತಬಾರದು ಅಂತ ಕೈಪಿಡಿಯಲ್ಲಿ ಇದೆ ಕಾಶೀಬಾಯಿ."

"ಒಬ್ಬನನ್ನ ಮಾಡಿದವರು ಯಾರು? ಶೆಡ್ ಹಾಕಿದಾಗಿಂದ ನಮ್ಮೂರಾಗ ಒಬ್ಬನೂ ಒಬ್ಬನೇ ಹತ್ತಿಲ್ಲ. ಹೊಟ್ಟಿಗೆ ಬೆಂಕಿ ಇಟ್ಟು ಎಲ್ಲಾರನ್ನೂ ಅವರವರ ಶೆಡ್ಡಿಗೆ ಓಡಿಸಿದವರು ಯಾರು?"

ಅವರು ಆ ಹಾಳೆ ಎತ್ತಿ ಮಡಿಕೆ ನೆಟ್ಟಗೆ ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಪಟ್ಟಿ ಸರಿಯಾಗೇ ಕೆಲಸ ಮಾಡಿದೆ."

ನನಗೆ ಆ ಮಾತಿಗಿಂತ ದೊಡ್ಡ ಬೈಗುಳ ಇಲ್ಲಿಯವರೆಗೆ ಯಾರೂ ಬೈದಿಲ್ಲ.

ದಿನಕರ್ಮ ಮುಗಿದ ಮೇಲೆ ಗುರಸಿದ್ದಪ್ಪ ನಮ್ಮ ಮನೆಗೆ ಬಂದ. ಅಲ್ಲಿಯವರೆಗೆ ಅವನಿಗೆ ಮುಖ ತೋರಿಸುವ ಧೈರ್ಯ ಆಗಿರಲಿಲ್ಲ. ಪಡಸಾಲೆಯ ಕಂಬ ಹಿಡಿದು ನಿಂತ. ಆಯಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಾನೂ ಬಾ ಅನ್ನಲಿಲ್ಲ. ಪಟ್ಟಿಯ ತಪ್ಪು, ಮನುಷ್ಯನ ತಪ್ಪಲ್ಲ ಎಂದು ನನ್ನ ತಲೆಗೆ ಗೊತ್ತಿತ್ತು. ಸಿಟ್ಟು ತಲೆಯ ಮಾತು ಕೇಳುತ್ತದೆಯೇ?

ಕಸ್ತೂರಿ ಒಳಗಿನಿಂದ ಬಂದಳು. ಕೈಯಲ್ಲಿ ಮಾಳ್ಯಾನ ಪಟ್ಟಿ ಇತ್ತು. ಅದನ್ನು ಗುರಸಿದ್ದಪ್ಪನ ಮುಖಕ್ಕೆ ಎಸೆದಳು.

"ಇದನ್ನ ಕಟ್ಕೋ ಮಾವಾ! ನಿನ್ನ ಹೆದರಿಕಿ ನಿನಗ ಗೊತ್ತೈತಿ. ಅವರ ಹೆದರಿಕಿ ಏನಿತ್ತು ಅನ್ನೂದು ಗೊತ್ತಾಗ್ಲಿ. ಇನ್ನ ಅರ್ಧಾ ಹೊಲದಾಗ ದ್ರಾಕ್ಷಿ ಐತಿ, ಮುಂದಿನ ವಾರ ಕೊಯ್ದು ಹರವಾಕಿ ನಾನು. ಮೋಡ ಆದಾಗ ನಿನಗೂ ತಿಳೀಲಿ!"

ಶಾಪ ಹಾಕಿದಂತೆ ಹೇಳಿದಳು. ಅವಳಿಗೆ ಉಪಾಯ ಗಿಪಾಯ ಏನೂ ಹೊಳೆದಿರಲಿಲ್ಲ. ಒಳಗಿನ ಉರಿ, ಅಷ್ಟೇ. ಗುರಸಿದ್ದಪ್ಪ ನೆಲದ ಮೇಲೆ ಬಿದ್ದ ಪಟ್ಟಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡ. ತನ್ನ ಕುತ್ತಿಗೆಯ ಪಟ್ಟಿ ಕಿತ್ತು ಅವಳ ಕಾಲ ಬಳಿ ಇಟ್ಟ. ಮಾಳ್ಯಾನದನ್ನು ಕಟ್ಟಿಕೊಂಡು ಹೋದ.

ಅವನು ಇಟ್ಟುಹೋದ ಪಟ್ಟಿಯನ್ನು ಕಸ್ತೂರಿ ಮೊದಲು ಒಲೆಗೆ ಹಾಕಲು ಹೊರಟಿದ್ದಳು. ಆಯಿ ತಡೆದಳು. "ಅದರಾಗ ಅವನ ಹೆದರಿಕಿ ಐತಿ. ಸುಟ್ರ ಮುದುಕನ ಶೆಡ್ಡಿಗೆ ಯಾರ್ ಓಡ್ಬೇಕು? ಕಟ್ಕೋ." ಹಾಗೆ ಅಂದಳು, ಇನ್ನೂ ಗೋಡೆಯ ಕಡೆಗೇ ಮುಖ ಮಾಡಿಕೊಂಡು. ಕಸ್ತೂರಿ ಅಳುತ್ತಾ, ಬೈಯುತ್ತಾ ಕಟ್ಟಿಕೊಂಡಳು.

ಸುದ್ದಿ ಊರಲ್ಲಿ ಹರಡಿತು. ಯಾರೂ ಸಭೆ ಸೇರಲಿಲ್ಲ, ಭಾಷಣ ಮಾಡಲಿಲ್ಲ. ರಾಜೇಸಾಬ ತನ್ನದನ್ನು ಎದುರು ಮನೆಯವನಿಗೆ ಕೊಟ್ಟ, ಎದುರು ಮನೆಯವನು ತನ್ನದನ್ನು ಬಸಲಿಂಗವ್ವನಿಗೆ ಕೊಟ್ಟ. ಪಟ್ಟಿ ಹೊಲದ ಹೆಸರಿನಲ್ಲಿ ಇರುತ್ತದೆ, ಕುತ್ತಿಗೆ ಯಾರದಾದರೂ ಅದಕ್ಕೇನು? ವಾರದೊಳಗೆ ಸಾವಳಹಟ್ಟಿಯಲ್ಲಿ ತನ್ನ ಹೆದರಿಕೆಯನ್ನು ತಾನೇ ಕಟ್ಟಿಕೊಂಡವರು ಒಬ್ಬರೂ ಉಳಿಯಲಿಲ್ಲ.

ಇದನ್ನು ನಾನು ಕೇಂದ್ರದಲ್ಲಿ ಹೇಳಲಿಲ್ಲ. ಒಂದು ಸಲ ಚಹಾದ ಹೊತ್ತಿನಲ್ಲಿ ಹೇಳಿದ್ದು ಸಾಕಾಗಿತ್ತು.

ಕಸ್ತೂರಿ ದ್ರಾಕ್ಷಿ ಹರವಿದ ಮರುದಿನ ಮತ್ತೆ ಮೋಡ ಎದ್ದಿತು, ಮೊದಲಿನಷ್ಟೇ ಕಪ್ಪು. ಪರದೆಯ ಮುಂದೆ ಎಲ್ಲರೂ ಸೇರಿದರು. ಚುಕ್ಕೆಗಳು ಕೆಂಪಾದವು, ಕದಲಿದವು. ಆದರೆ ಒಂದನ್ನು ಬಿಟ್ಟರೆ ಯಾವುದೂ ತನ್ನ ಹೆಸರಿನ ಶೆಡ್ಡಿಗೆ ಹೋಗಲಿಲ್ಲ. ತನ್ನ ಶೆಡ್ಡಿನ ಪಕ್ಕದಲ್ಲೇ ಇದ್ದ ಚುಕ್ಕೆ ಎದ್ದು ಊರಿನ ಇನ್ನೊಂದು ತುದಿಗೆ ಓಡಿತು. ಅಲ್ಲಿಂದ ಒಂದು ಇತ್ತ ಬಂತು. ದಾರಿಯಲ್ಲಿ ನಾಲ್ಕು ಒಂದಾದವು, ಐದಾದವು, ಗುಂಪಾದವು. ತನ್ನದಲ್ಲದ ಸಂಕಟಕ್ಕೆ ಓಡಲು ಶುರುಮಾಡಿದ ಕಾಲು ಹಳೆಯ ರೂಢಿಯನ್ನು ತಾನಾಗಿ ಹಿಡಿದಿತ್ತು. ಗುಂಪು ನೆಟ್ಟಗೆ ಹಸಿ ಹರವಿದ ಶೆಡ್ಡಿನ ಕಡೆ ಹೊರಟಿತು.

"ಏನಾಗ್ತಿದೆ ಇಲ್ಲಿ?" ಡಾ. ಯಶೋಧರ ಕೂಗಿದರು. "ವ್ಯವಸ್ಥೆ ಪೂರ್ತಿ ಕೆಟ್ಟಿದೆ! ಎಲ್ಲರೂ ತಪ್ಪು ಶೆಡ್ಡಿಗೆ ಹೋಗ್ತಿದ್ದಾರೆ." ಆಮೇಲೆ ಗುಂಪಿನ ಮುಂದೆ ಓಡುತ್ತಿದ್ದ ಚುಕ್ಕೆಯ ಹೆಸರು ಓದಿ ಅವರ ಮುಖ ಬಿಳಿಚಿತು. "ಮಾಳಿಂಗರಾಯ... ಕಾಶೀಬಾಯಿ, ಇದು ನಿಮ್ಮ ತಮ್ಮನ... ಇದರಲ್ಲಿ ಎದೆ ಬಡೀತಾ ಇದೆ. ಯಾರದು ಇದು?"

"ಎದೆ ಗುರಸಿದ್ದಪ್ಪಂದು ಸರ್. ಹೆದರಿಕೆ ನನ್ನ ತಮ್ಮಂದು."

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಅರ್ಥವಾಯಿತು ಎಂದು ಕಾಣುತ್ತದೆ, ದಡ್ಡನಲ್ಲ ಆತ. ಆದರೆ ಬಾಯಿಂದ ಬಂದದ್ದು ಮಾತ್ರ ಬೇರೆ. "ಹೀಗಾದರೆ ನಮ್ಮ ಮಾಹಿತಿ ಎಲ್ಲಾ ಹಾಳು. ತಕ್ಷಣ ಎಲ್ಲರಿಗೂ ಫೋನ್ ಮಾಡಿ. ಅವರವರ ಪಟ್ಟಿ ಅವರವರೇ ಕಟ್ಟಿಕೊಳ್ಳಲಿ. ಇಲ್ಲದಿದ್ದರೆ ಪಟ್ಟಿ ಅದರ ಧಣಿಯ ನಾಡಿಗೆ ಮಾತ್ರ ಕೆಲಸ ಮಾಡುವಂತೆ ಬೀಗ ಹಾಕಬೇಕಾಗುತ್ತದೆ."

"ಹಾಕಿ ಸರ್," ಅಂದೆ. "ನಮ್ಮ ಆಯಿ ಕಡೆ ಕತ್ತರಿ ಐತಿ. ಒಬ್ಬರ ಕುತ್ತಿಗ್ಯಾಗೂ ನಿಮ್ಮ ಪಟ್ಟಿ ಉಳಿಯೂದಿಲ್ಲ. ವಿಮೆ ಬೇಕಾದ್ರ ನೀವ ಇಟ್ಕೊಳ್ರಿ." ಎಲ್ಲರ ಎದುರು ನಾನು ಅವರಿಗೆ ಊರಿನ ಮಾತಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಪರದೆಯಲ್ಲಿ ಮಾಳ್ಯಾನ ಶೆಡ್ಡಿನ ಸುತ್ತ ಕೆಂಪು ಚುಕ್ಕೆಗಳು ಮುತ್ತಿಕೊಂಡಿದ್ದವು. ಮಾಳಿಂಗರಾಯ ಎಂಬ ಹೆಸರು ಎಲ್ಲಕ್ಕಿಂತ ಕೆಂಪಗೆ, ಅವನು ಬಿದ್ದ ಮೂಲೆಯಲ್ಲೇ ನಿಂತಿತ್ತು.

ಆಮೇಲೆ ಅದು ಹಸಿರಾಯಿತು.

ಯಾರೋ ನಿಟ್ಟುಸಿರು ಬಿಟ್ಟರು. ನಾನು ಬಿಡಲಿಲ್ಲ. ಆ ಹಸಿರಿಗೆ ಒಂದು ಸಲ ಮೋಸ ಹೋಗಿದ್ದೆ. ಫೋನ್ ತೆಗೆದು ಕಸ್ತೂರಿಗೆ ಹಚ್ಚಿದೆ. ರಿಂಗಾಯಿತು, ರಿಂಗಾಯಿತು, ಕೊನೆಗೆ ಎತ್ತಿದಳು. ಹಿಂದೆ ತಾಡಪತ್ರಿಯ ಮೇಲೆ ಮಳೆ ಬಡಿಯುವ ಸದ್ದು, ಮಂದಿಯ ಗದ್ದಲ.

"ಕಟ್ಟಿದ್ರ್ಯಾ?"

"ಕಟ್ಟೇವ್ರಿ ಅಕ್ಕಾ."

"ಗುರಸಿದ್ದ ಕಾಕಾ ಎಲ್ಲಿ? ಹತ್ತಿದವರು ಎಲ್ಲಾರೂ ಕೆಳಗ ಇಳದಾರೇನ? ಕಣ್ಣಿಲೆ ನೋಡಿ ಹೇಳು."

ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಣಿಸುವುದು ಕೇಳಿಸಿತು.

"ಎಲ್ಲಾರೂ ಇಳದಾರ್ರಿ ಅಕ್ಕಾ."